ತಾನೇ ಆರುವ ಪೆಟ್ಟಿಗೆ

ಜೂನ್ ೮

ತಿರುಪಣ್ಣನಿಗೆ ಅಕ್ಕನ ಆಶೀರ್ವಾದ.

ತಮ್ಮನಿಗೆ ತಲೆ ನೆರೆತರೂ ಇನ್ನೂ ಅಡ್ಡಹೆಸರಿನಿಂದ ಕರೆಯುತ್ತಾಳಲ್ಲ ಎಂದು ನಿನ್ನ ಹೆಂಡತಿ ನಗಲಿ, ಪರವಾಗಿಲ್ಲ. ಮನೆಯ ರೇಡಿಯೊ ಬಿಚ್ಚಿ ಅದರ ತಿರುಪುಗಳನ್ನೆಲ್ಲ ಬಾಯಲ್ಲಿಟ್ಟುಕೊಂಡು ಕೂತಿದ್ದ ಮಗುವಿಗೆ ಬೇರೆ ಹೆಸರು ನನ್ನ ನಾಲಿಗೆಗೆ ಬರುವುದಿಲ್ಲ.

ಫೋನ್ ಯಾಕೆ ಎತ್ತುವುದಿಲ್ಲ ಎಂದು ಸಣ್ಣಿಯ ಹತ್ತಿರ ಕೇಳಿದೆಯಂತೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಆ ದೊಡ್ಡ ಯಂತ್ರಗಳ ಮಧ್ಯೆ ನಿಂತು ನಿಂತು, ದುಪ್ಪಟಿಯ ಕಲೆಯ ಜೊತೆಗೆ ನನ್ನ ಕಿವಿಯೂ ತೊಳೆದುಹೋಯಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತೇನೆ. ಫೋನಿಗೆ ತುಟಿ ಇಲ್ಲ. ಮೆಸೇಜು ಬರೆಯಲು ನನ್ನ ಬೆರಳು ಒಗ್ಗುವುದಿಲ್ಲ. ಕಾಗದವೇ ವಾಸಿ.

ವಿಷಯ ಇಷ್ಟು. ಸಣ್ಣಿಗೆ ಕಂಪ್ಯೂಟರ್ ಬೇಕು. ಓದಲಿಕ್ಕೆ ಎಂದು ನಿನಗೆ ಸುಳ್ಳು ಹೇಳುವುದಿಲ್ಲ, ಆಟ ಆಡಲಿಕ್ಕೆ. ಅವಳ ಕಾಲೇಜಿನಲ್ಲಿ ಐದು ಜನರ ಒಂದು ತಂಡವಿದೆ. ನಾಲ್ಕು ಹುಡುಗರು, ಇವಳೊಬ್ಬಳು. ಡಿಸೆಂಬರಿನಲ್ಲಿ ಕಾಲೇಜು ಕಾಲೇಜುಗಳ ನಡುವೆ ಪಂದ್ಯವಂತೆ. ಅವರವರ ಮನೆಯಲ್ಲಿ ಅವರವರ ಕಂಪ್ಯೂಟರಿನ ಮುಂದೆ ಕೂತು ಒಟ್ಟಿಗೆ ಆಡಬೇಕಂತೆ. ಸ್ವಂತದ್ದು ಇಲ್ಲದವರಿಗೆ ತಂಡದಲ್ಲಿ ಜಾಗವಿಲ್ಲ. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಅವಳ ಅಪ್ಪ ಹೋದ ಮೇಲೆ ಈ ಹುಡುಗಿ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಚಪ್ಪಲಿ ಹರಿದರೂ ಹೊಲಿಸಿಕೊಂಡು ಬಂದು ಆಮೇಲೆ ಹೇಳುವವಳು. ದೇವರಿಗೂ ಆಟ ಇಷ್ಟವೇ ಇರಬೇಕು, ಇಲ್ಲದಿದ್ದರೆ ಇಷ್ಟು ದೊಡ್ಡ ಲೋಕವನ್ನು ಯಾಕೆ ಮಾಡಿಕೊಂಡು ಕೂತ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಸಂಜೆ ಮಕ್ಕಳಿಗೆ ಪಾಠ ಹೇಳಿ ಅವಳು ಕೂಡಿಸಿದ್ದು ಸ್ವಲ್ಪ ಇದೆ, ನನ್ನದು ಸ್ವಲ್ಪ. ಅಷ್ಟರಲ್ಲೇ ಆಗಬೇಕು. ಅವಳು ಯಾವುದೋ ಅಂಗಡಿ ನೋಡಿಟ್ಟಿದ್ದಾಳೆ. "ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲಮ್ಮ, ಗ್ರಾಫಿಕ್ಸ್ ಕಾರ್ಡ್ ಒಂದು ಗಟ್ಟಿ ಇರ್ಬೇಕು. ಆಟಕ್ಕೆ ಅದೇ ಎತ್ತು, ಮಿಕ್ಕಿದ್ದೆಲ್ಲ ಬರೀ ಗಾಡಿ. ಪೆಟ್ಟಿಗೆ ಡಬ್ಬಾ ಥರ ಇದ್ರೂ ನಡೆಯುತ್ತೆ," ಎನ್ನುತ್ತಾಳೆ. ನಾನು ಅಂದೆ, ಸೋದರಮಾವನದೇ ಕಂಪ್ಯೂಟರ್ ಅಂಗಡಿ ಇರುವಾಗ ಗುರುತಿಲ್ಲದವನ ಮುಂದೆ ಯಾಕೆ ಕೈ ಚಾಚಬೇಕು? ಹಿತ್ತಲ ಗಿಡ ಮದ್ದಲ್ಲವೇನು? ಅದಕ್ಕವಳು, "ಅಮ್ಮ, ಸಂಬಂಧದವರ ಹತ್ರ ತಗೊಂಡ್ರೆ ವಾಪಸ್ ಕೊಡೋಕಾಗಲ್ಲ," ಅಂದಳು. ನಾಲಿಗೆ ಉದ್ದವಾಗಿದೆ, ಬೈದಿದ್ದೇನೆ.

ನಿನ್ನ ಮಗನಿಗಾದರೆ ಯಾವುದನ್ನು ಆರಿಸುತ್ತೀಯೋ ಅದನ್ನೇ ಆರಿಸು.

ಅಕ್ಕ

ಜೂನ್ ೨೧

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ನೋಡಿ ನಾವಿಬ್ಬರೂ ನಕ್ಕೆವು. ಸಣ್ಣಿ ಯಾವಾಗ ಇಷ್ಟು ದೊಡ್ಡವಳಾದಳು? ಹೆಣ್ಣುಮಕ್ಕಳಿಗೆ ಈ ಗುದ್ದಾಟದ ಆಟ ಯಾಕೆ ಎಂದು ಕೇಳಬೇಕು ಅಂದುಕೊಂಡೆ, ಆಮೇಲೆ ಬೇಡವೆನಿಸಿತು. ಈಗಿನ ಕಾಲವೇ ಹಾಗೆ.

ಅವಳ ಲೆಕ್ಕಾಚಾರ ಇಂಟರ್ನೆಟ್ಟಿನಲ್ಲಿ ಓದಿದ್ದು. ಎತ್ತು ಗಾಡಿ ಎಲ್ಲ ಕೇಳಲು ಚೆಂದ. ಈ ಕೆಲಸದಲ್ಲೇ ಕೂದಲು ಉದುರಿಸಿಕೊಂಡವನು ನಾನು. ಡಬ್ಬಾ ಪೆಟ್ಟಿಗೆ ತಂದಿಟ್ಟರೆ ಅವಳ ಗೆಳೆಯರ ಎದುರು ಮರ್ಯಾದೆ ಏನು ಉಳಿಯುತ್ತದೆ? ಒಂದು ಪಕ್ಕ ಪೂರ್ತಿ ಗಾಜು, ಒಳಗೆ ಬಣ್ಣದ ಲೈಟು ಇರುವುದನ್ನು ಕೊಡುತ್ತೇನೆ. ಕಾರ್ಡು ನನಗೆ ಬಿಡು. ಸೆಕೆಂಡ್ ಹ್ಯಾಂಡ್ ಅಂತೂ ಬೇಡವೇ ಬೇಡ. ಆ ಅಂಗಡಿಯವನು ಬಿಲ್ಲು, ವಾರಂಟಿ ಅಂತ ಚೀಟಿ ಕೊಡಬಹುದು. ನಮ್ಮ ನಡುವೆ ಬಿಲ್ಲು ಯಾಕೆ? ಏನಾದರೂ ಆದರೆ ನಾನಿಲ್ಲವೇ?

ಸಾಮಾನು ನಾನು ಮೊದಲೇ ತರಿಸಬೇಕು, ಆದ್ದರಿಂದ ಹಣ ಮುಂಚೆಯೇ ಕಳುಹಿಸು. ಅಂಗಡಿ ಮೊದಲಿನಂತಿಲ್ಲ. ಎದುರಿಗೇ ಮೂರು ಮಹಡಿಯ ಶೋರೂಮ್ ಆಗಿದೆ. ಜನ ಅಲ್ಲಿ ಕೊಂಡು, ಕೆಟ್ಟ ಮೇಲೆ ನನ್ನ ಹತ್ತಿರ ರಿಪೇರಿಯ ದಾರಿ ಕೇಳಲು ಬರುತ್ತಾರೆ. ಇರಲಿ, ಅದೆಲ್ಲ ನಿನಗೆ ಯಾಕೆ.

ತಮ್ಮ

ಜೂನ್ ೩೦

ತಿರುಪಣ್ಣ,

ಈ ಕಡೆ ಬಂದಿದ್ದ ನಿನ್ನ ಪಕ್ಕದ ಮನೆಯ ಲಾರಿಯವನ ಕೈಯಲ್ಲಿ ಹಣದ ಲಕೋಟೆ ಕೊಟ್ಟಿದ್ದೇನೆ. ಅಂಟಿಸಿದ್ದೇನೆ, ಅಂಟು ಬಿಟ್ಟಿದ್ದರೆ ಅವನನ್ನು ಕೇಳು.

ಸಣ್ಣಿ ಏನೂ ಕೇಳಲಿಲ್ಲ. ಮಾವ ಏನು ಕೊಟ್ಟರೂ ಸರಿ ಅಂದಳು. ಬಿಲ್ಲಿನ ಮಾತು ನೀನು ಬರೆದದ್ದು ಸರಿಯಾಗಿದೆ. ನನಗೆ ತವರು ಎಂದು ಉಳಿದಿರುವುದು ನಿನ್ನ ವಿಳಾಸ ಒಂದೇ. ತವರಿನಿಂದ ರಸೀದಿ ತೆಗೆದುಕೊಂಡವರುಂಟೆ?

ಅಂಗಡಿಯ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ದೇವರು ದೊಡ್ಡವನು. ಸಂಜೆಯ ಪಾಳಿಗೆ ಹೊರಡುವ ಮುಂಚೆ ಪ್ರಾರ್ಥನೆಗೆ ಕೂರುತ್ತೇನಲ್ಲ, ಆಗ ನಮ್ಮವರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತೇನೆ. ಹೋದವರದು ಮೊದಲು, ಇರುವವರದು ಆಮೇಲೆ, ನಿನ್ನದು ಎಲ್ಲಕ್ಕಿಂತ ಕೊನೆಗೆ. ಅಮ್ಮ ನಿನಗೆ ಕೊನೆಯಲ್ಲಿ ಬಡಿಸುತ್ತಿದ್ದಳು, ನೆನಪಿದೆಯೇ? ಪಾತ್ರೆಯ ತಳದ್ದು ಗಟ್ಟಿ ಇರುತ್ತದೆ ಎಂದು. ಹಾಗೆ. ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಗಡಿಯಾರ ಬಡಿದರೂ ಕೇಳಿಸುವುದಿಲ್ಲ. ಸಣ್ಣಿ ಬಂದು ಭುಜ ತಟ್ಟಿ, "ಏಳಮ್ಮ, ದೇವರಿಗೂ ಬೇರೆ ಕೆಲ್ಸ ಇದೆ," ಅನ್ನುತ್ತಾಳೆ.

ನಿನ್ನ ಅಂಗಡಿಗಾಗಿ ಒಂದು ಮಾತು ಹೆಚ್ಚಿಗೆ ಕೇಳಿಕೊಳ್ಳುತ್ತೇನೆ.

ಅಕ್ಕ

ಆಗಸ್ಟ್ ೧೯

ಅಕ್ಕ,

ಎರಡು ಕಾಗದ ಬಂದವು. ಕೋಪಿಸಿಕೊಳ್ಳಬೇಡ. ಸಾಮಾನು ಬರುವುದು ತಡವಾಗಿದೆ. ಮಳಿಗೆಯ ಮಾಲೀಕ ಬಾಡಿಗೆಗಾಗಿ ಬಾಗಿಲಲ್ಲೇ ಕೂತು ಹೋಗುತ್ತಿದ್ದಾನೆ. ಮಗನಿಗೂ ಕಾಲೇಜು ಶುರುವಾಯಿತು, ಕಟ್ಟುವುದು ಕಟ್ಟಲೇಬೇಕು. ನಿನ್ನ ಪ್ರಾರ್ಥನೆ ಇನ್ನೂ ಈ ರಸ್ತೆಗೆ ತಲುಪಿಲ್ಲ ಎಂದು ಕಾಣುತ್ತದೆ, ತಮಾಷೆಗೆ ಅಂದೆ.

ಸಣ್ಣಿಗೆ ಹೇಳು, ಮಾವ ಮರೆತಿಲ್ಲ. ಬರುವ ತಿಂಗಳು ಖಂಡಿತ.

ತಮ್ಮ

ಅಕ್ಟೋಬರ್ ೪

ತಿರುಪಣ್ಣ,

ಪೆಟ್ಟಿಗೆ ಬಂತು! ನಮ್ಮ ಮನೆಯಲ್ಲಿ ಇದಕ್ಕೆ ತಕ್ಕ ಜಾಗವೇ ಇಲ್ಲ. ಕಬ್ಬಿಣದ ಮಂಚ ಗೋಡೆಗೆ ಸರಿಸಿ, ಹೊಲಿಗೆ ಯಂತ್ರವನ್ನು ಅದರಡಿಗೆ ತಳ್ಳಿ, ಅದರ ಮೇಜಿನ ಮೇಲೆ ಇಟ್ಟೆವು. ಸ್ವಿಚ್ ಹಾಕಿದಾಗ ಮನೆ ಮದುವೆಮನೆಯಾಯಿತು ನೋಡು. ಕೆಂಪು, ನೀಲಿ, ಹಸಿರು, ಒಂದರ ಹಿಂದೆ ಒಂದು. ಮೇಲಿನ ಮನೆಯ ಕಂಡಕ್ಟರನ ಹೆಂಡತಿ ಬಂದು ಗಲ್ಲದ ಮೇಲೆ ಕೈ ಇಟ್ಟುಕೊಂಡು, "ನಿಮ್ಮ ತಮ್ಮ ಕಳಿಸಿದ್ದಾ? ಇದ್ರೆ ಇರ್ಬೇಕಪ್ಪ ಇಂಥ ತಮ್ಮ," ಅಂದಳು. ನನಗೆ ತಿಳಿದರೂ ತಿಳಿಯಲಿಲ್ಲ ಎಂದು ಎರಡು ಸಲ ಹೇಳಿಸಿದೆ.

ಸಣ್ಣಿ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿ, "ಚೆನ್ನಾಗಿದೆಯಮ್ಮ," ಅಂದಳು. ಅಷ್ಟು ಸಂತೋಷವಾಗಿದೆ ಮಗುವಿಗೆ.

ಇನ್ನೊಂದು ವಿಷಯಕ್ಕೆ ನಿನಗೆ ಎಷ್ಟು ಹೇಳಿದರೂ ಸಾಲದು. ಆಟ ಎಂದರೆ ಇವಳು ಅನ್ನ ನೀರು ಬಿಟ್ಟು ಕೂರುತ್ತಾಳೆ ಎಂದು ನಾನು ಒಳಗೇ ಹೆದರಿದ್ದೆ. ಹಾಗಾಗಲೇ ಇಲ್ಲ. ಆಡಲು ಕೂತರೆ ಒಂದು ಟ್ರಾಲಿ ದುಪ್ಪಟಿ ಮಡಚುವಷ್ಟು ಹೊತ್ತು, ಅಷ್ಟೇ. ಆಮೇಲೆ ಲೈಟು, ಪರದೆ ಎಲ್ಲ ಒಂದೇ ಸಲ ಆರಿಹೋಗುತ್ತದೆ. ಮೊದಲ ಸಲ ನಾನು ಗಾಬರಿಯಾಗಿ, "ಏನಾಯ್ತೇ?" ಅಂದೆ. "ಏನಿಲ್ಲಮ್ಮ. ಸಾಕು ಅಂತ ಅದಕ್ಕೇ ಗೊತ್ತಾಗುತ್ತೆ," ಅಂದಳು. ಆಗ ನನಗೆ ಹೊಳೆಯಿತು, ಇದು ನಿನ್ನದೇ ಏರ್ಪಾಡು! ಹುಡುಗಿ ಕಣ್ಣು ಕೆಡಿಸಿಕೊಳ್ಳಬಾರದು ಎಂದು ಹೊತ್ತು ಗೊತ್ತುಮಾಡಿ ಇಟ್ಟಿದ್ದೀಯಲ್ಲವೇ? ತಂದೆ ಇಲ್ಲದ ಮಗುವಿಗೆ ಮಾವ ಮಾಡುವ ಕೆಲಸ ಇದೇ. ಪ್ರಾರ್ಥನೆಯಲ್ಲಿ ಅತ್ತುಬಿಟ್ಟೆ.

ಈಗ ಸಂಜೆಯ ಹೊತ್ತು ಗೆಳತಿಯ ಮನೆಗೆ ಓದಲು ಹೋಗುತ್ತಾಳೆ. ಆಟದ ಚಟವೂ ಇಳಿದಂತಿದೆ. ಎಲ್ಲ ನಿನ್ನ ಪುಣ್ಯ.

ಅಕ್ಕ

ಅಕ್ಟೋಬರ್ ೨೩

ಅಕ್ಕನಿಗೆ ನಮಸ್ಕಾರ.

ಪೆಟ್ಟಿಗೆ ಸರಿಯಾಗಿ ತಲುಪಿದ್ದು ಸಂತೋಷ. ನೀನು ಊಹಿಸಿದ್ದು ಸರಿ. ಹೆಣ್ಣುಮಗು, ಓದುವ ವಯಸ್ಸು, ಕಣ್ಣು ಕೆಡಬಾರದು ಎಂದು ನಾನೇ ಹಾಗೆ ಇಟ್ಟಿದ್ದೇನೆ. ಅವಳಿಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾಳೆ. ಒಳಗೆ ಬಿಚ್ಚಲು ಮಾತ್ರ ಬಿಡಬೇಡ. ನಾಜೂಕಿನ ಸಾಮಾನು, ಬಿಚ್ಚಿದರೆ ಕೆಟ್ಟುಹೋಗುತ್ತದೆ.

ನಿನ್ನ ಕಾಗದವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ತಮ್ಮ

ಡಿಸೆಂಬರ್ ೧೫

ತಮ್ಮನಿಗೆ,

ಶನಿವಾರ ಸಣ್ಣಿಯ ಪಂದ್ಯವಿತ್ತು. ನಾನು ರಜೆ ಹಾಕಿ, ಅವಳ ಹಿಂದೆ ಮಂಚದ ಮೇಲೆ ಕೈಮುಗಿದು ಕೂತಿದ್ದೆ. ಪೆಟ್ಟಿಗೆಯ ಗಾಜು ತೆಗೆದು, ನಮ್ಮ ಟೇಬಲ್ ಫ್ಯಾನನ್ನು ಅದಕ್ಕೆ ಎದುರಾಗಿ ಇಟ್ಟಿದ್ದಳು. ಸೆಕೆ ನಮಗಲ್ಲವೇನೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಆಡತೊಡಗಿದಳು. ನನ್ನ ಮಗಳ ಕೈ ಅಷ್ಟು ಚುರುಕು ಎಂದು ನನಗೆ ಗೊತ್ತಿರಲಿಲ್ಲ. ಪರದೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ ಗೆಲ್ಲುತ್ತಿದ್ದಾಳೆ ಎಂದು ಅವಳ ಬೆನ್ನು ನೋಡಿಯೇ ತಿಳಿಯಿತು. ಅಷ್ಟರಲ್ಲಿ ಎಲ್ಲ ಆರಿಹೋಯಿತು.

ಮತ್ತೆ ಹೊತ್ತಿಸಿದಳು. ಮತ್ತೆ ಆರಿತು. ಉಳಿದ ನಾಲ್ವರು ಇವಳಿಲ್ಲದೆ ಆಡಿ ಸೋತರು. ಅವಳು ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ನಾನು ಸಮಾಧಾನ ಮಾಡೋಣವೆಂದು ಹೋಗಿ ಎಂಥ ಮಾತಾಡಿದೆ ಗೊತ್ತೇ? "ಬೇಜಾರಾಗ್ಬೇಡ ಕಣೇ, ಮಾವ ನಿನ್ನ ಒಳ್ಳೇದಕ್ಕೇ ಹಾಗೆ ಇಟ್ಟಿರೋದು," ಎಂದು ಹೇಳಿ, ನಿನ್ನ ಕಾಗದ ತಂದು ಓದಿದೆ. "ಇನ್ನೊಂದ್ಸಲ ಓದಮ್ಮ," ಅಂದಳು. ಓದಿದೆ. ನಕ್ಕಳು. ಆ ನಗು ನನಗೆ ಕೇಳಿಸಲಿಲ್ಲ, ಸದ್ಯ. ಕಂಡದ್ದೇ ಸಾಕಾಯಿತು.

ಆಮೇಲೆ ಟಾರ್ಚ್ ಹಿಡಿದು ಒಳಗೆ ತೋರಿಸಿದಳು. ಕಾರ್ಡಿನ ಮೇಲೆ ಅಂಟಿಸಿದ ಹೊಸ ಹೆಸರನ್ನು ಉಗುರಿನಿಂದ ಎಬ್ಬಿಸಿದಳು, ಅಡಿಯಲ್ಲಿ ಬೇರೆ ಹೆಸರು, ಯಾವ ಕಾಲದ್ದೋ. ಅದರ ಎರಡು ಫ್ಯಾನುಗಳಲ್ಲಿ ಒಂದು ತಿರುಗುವುದೇ ಇಲ್ಲ, ತಂತಿಯಲ್ಲಿ ಬಿಗಿದಿದೆ, ಅದಕ್ಕೇ ಪೆಟ್ಟಿಗೆ ಕಾದು ಆರುವುದಂತೆ. ಇನ್ನೊಂದು ಫ್ಯಾನು ಪೆಟ್ಟಿಗೆ ಉರಿಯುವಷ್ಟು ಹೊತ್ತೂ ಅರಚುತ್ತದಂತೆ, ಕಂಡಕ್ಟರನ ಹೆಂಡತಿ ಎರಡು ಸಲ ಬಂದು ದೂರು ಹೇಳಿಹೋಗಿದ್ದಾಳೆ. ನನಗೆ ಕೇಳಿಸದು ಎಂದು ಎಲ್ಲರಿಗೂ ಅನುಕೂಲವಾಯಿತು. "ಮೇಲೆ ಥಳುಕು, ಒಳಗೆ ಹುಳುಕು ಅಂತಿರ್ತೀಯಲ್ಲಮ್ಮ," ಅಂದಳು, "ಇಲ್ಲಿ ಹುಳುಕಿಗೆ ಲೈಟ್ ಬೇರೆ ಬಿಟ್ಟಿದ್ದಾರೆ."

ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಮೊದಲನೇ ದಿನವೇ, ಗಾಜಿನಲ್ಲೇ. ಗೆಳತಿಯ ಮನೆಯೂ ಸುಳ್ಳು. ಆ ಹೊತ್ತಿನಲ್ಲಿ ಬಾಡಿಗೆ ಕಂಪ್ಯೂಟರಿನ ಅಂಗಡಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದಳು. ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಅಂದೆ. "ಹೇಳಿದ್ರೆ ನೀನು ಕಳ್ಕೊಳ್ತಿದ್ದದ್ದು ಕಂಪ್ಯೂಟರ್ ಅಲ್ಲಮ್ಮ, ತಮ್ಮನ್ನ," ಅಂದಳು.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಸಣ್ಣಿ ಏನೂ ಕೇಳಲಿಲ್ಲ ಎಂದು ನಾನು ಬರೆದದ್ದು ನಿಜವಲ್ಲ. ಯಾವ ಕಾರ್ಡು, ಯಾವ ವರ್ಷದ್ದು, ವಾರಂಟಿ ಎಷ್ಟು ಎಂದು ಒಂದು ಚೀಟಿ ಬರೆದು ಲಕೋಟೆಗೆ ಹಾಕಲು ಕೊಟ್ಟಿದ್ದಳು. ನಿನಗೆ ಅವಮಾನವಾದೀತು ಎಂದು ನಾನು ಹಾಕಲಿಲ್ಲ.

ಈ ಕಾಗದ ಪೆಟ್ಟಿಗೆಗಾಗಿ ಅಲ್ಲ. ಅಂಗಡಿಯಲ್ಲಿ ಉಳಿದ ಸಾಮಾನು ತಳ್ಳಿಬಿಟ್ಟೆ, ಕಷ್ಟವಿತ್ತು ಎಂದು ನೀನು ಹೇಳಿದರೆ ನುಂಗಿಕೊಂಡೇನು. ಆದರೆ ನಾನು ನಂಬಿಕೆಯಿಂದ ಒಂದು ದಡ್ಡ ಮಾತು ಬರೆದೆ. ನೀನು ಅದನ್ನು ಎತ್ತಿಕೊಂಡು, ಹೌದು ನಾನೇ ಎಂದು ಬರೆದೆ. ನನ್ನ ದಡ್ಡತನವನ್ನೂ ನನಗೇ ಮಾರಿದೆಯಲ್ಲೋ. ಅದನ್ನು ಬರೆಯುವಾಗ ನಿನ್ನ ಕೈ ಒಂದು ಕ್ಷಣವಾದರೂ ನಿಂತಿತೇ?

ಹಣ ಬೇಡ. ಬೇರೆ ಕಾರ್ಡೂ ಬೇಡ, ತಂಡದಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದಾರೆ. ಅವಳ ಹೆಸರಿಗೆ ಒಂದು ಸಾಲು ಬರೆ, ತಪ್ಪಾಯಿತು ಎಂದು. ಅಷ್ಟು ಬಂದರೆ ನನಗೆ ತಮ್ಮ ಉಳಿಯುತ್ತಾನೆ.

ಅಕ್ಕ

ಜನವರಿ ೬

ಅಕ್ಕನಿಗೆ,

ನಿನ್ನ ಕಾಗದ ಅಂಗಡಿಗೆ ಬಂತು, ಗಿರಾಕಿಗಳ ಎದುರು ಒಡೆದೆ. ಒಡೆಯಬಾರದಿತ್ತು.

ಆ ಹಣಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಯಾರು ಕೊಡುತ್ತಾರೆ ಎಂದು ಯಾರನ್ನಾದರೂ ಕೇಳು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಿದ ಹಾಗಾಯಿತು. ಬಿಚ್ಚಬೇಡ ಎಂದು ಬರೆದಿದ್ದೆ, ಬಿಚ್ಚಿದಳು. ಬಿಚ್ಚಿದ ಮೇಲೆ ಒಳಗಿನ ಸಾಮಾನು ನನ್ನ ಅಂಗಡಿಯದೇ ಎನ್ನಲು ಗುರುತೇನು? ಬಿಲ್ ಇದ್ದರೆ ತೋರಿಸಲಿ, ಬದಲಾಯಿಸಿ ಕೊಡುತ್ತೇನೆ.

ಇನ್ನೊಂದು ಮಾತು. ಅಂಗಡಿ ಮುಳುಗುತ್ತಿದೆ ಎಂದು ಎರಡು ಸಲ ಬರೆದೆ. ಹೇಗಿದ್ದೀಯೋ, ಏನಾಯಿತೋ ಎಂದು ಒಂದು ಮಾತು ಕೇಳಿದೆಯಾ? ದೇವರು ದೊಡ್ಡವನು ಎಂದು ಬರೆದೆ. ದೇವರು ದೊಡ್ಡವನೇ ಅಕ್ಕ, ಬಾಡಿಗೆ ಕಟ್ಟುವುದಿಲ್ಲ. ನೀನು ಯಾವಾಗಲೂ ಒಳ್ಳೆಯವಳು. ಅಮ್ಮನನ್ನು ನೋಡಿಕೊಂಡವಳು, ಕಷ್ಟ ಸಹಿಸಿದವಳು, ಎಲ್ಲರಿಗೂ ಕೈಮುಗಿಯುವವಳು. ನಿನ್ನ ಎದುರು ನಿಂತವನು ಕೆಟ್ಟವನೇ ಆಗಬೇಕಲ್ಲ. ಆದೆ.

ಒಂದು ಹುಡುಗಿಯ ಆಟಕ್ಕಾಗಿ ಇಷ್ಟು ಬರೆಸಿದೆ.

ತಮ್ಮ

ಮಾರ್ಚ್ ೧೭

ತಿರುಪಣ್ಣ,

ಉತ್ತರ ಬರೆಯುವುದು ಬೇಡ ಎಂದಿದ್ದೆ. ಸಣ್ಣಿಯೇ, "ಬರೆದು ಮುಗಿಸಮ್ಮ, ಎಷ್ಟು ದಿನ ಆ ಮುಖ ಇಟ್ಕೊಂಡಿರ್ತೀಯ," ಅಂದಳು.

ನೀನು ಬರೆದದ್ದರಲ್ಲಿ ಒಂದು ನಿಜವಿದೆ. ನೀನು ಕಷ್ಟ ಬರೆದೆ, ನಾನು ಪ್ರಾರ್ಥನೆ ಬರೆದೆ. ಆಗ ಕೇಳಿಸದೆ ಹೋದದ್ದು ನನ್ನ ಕಿವಿಗಲ್ಲ. ಬಾಯಿಬಿಟ್ಟು ಕೇಳಿದ್ದರೆ ಆ ಲಕೋಟೆಯನ್ನು ಹಾಗೆಯೇ ನಿನಗೆ ಕೊಟ್ಟುಬಿಡುತ್ತಿದ್ದೆ, ಸಣ್ಣಿಯೂ ಬೇಡ ಅನ್ನುತ್ತಿರಲಿಲ್ಲ. ನೀನು ಕೇಳುವುದಕ್ಕಿಂತ ಹೀಗೆ ತೆಗೆದುಕೊಳ್ಳುವುದೇ ಸುಲಭ ಅಂದುಕೊಂಡೆ. ಎಮ್ಮೆ ದಾನಕ್ಕೆ ಬಂದದ್ದಲ್ಲ, ಅದೂ ನೆನಪಿರಲಿ.

ಬಿಲ್ ಇಲ್ಲ. ಯಾಕೆ ಇಲ್ಲ ಎಂದು ನಿನಗೇ ಗೊತ್ತು.

ಸಣ್ಣಿ ಚೆನ್ನಾಗಿದ್ದಾಳೆ. ಈಗ ಇನ್ನೆರಡು ಮನೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ತಂಡದವರು ಎದುರು ಸಿಕ್ಕರೆ ಮಾತಾಡುತ್ತಾರಂತೆ, ಆಡಲು ಕರೆಯುವುದಿಲ್ಲ. ಮುಂದಿನ ವರ್ಷಕ್ಕೆ ತಾನು ಮೊದಲು ನೋಡಿಟ್ಟ ಅಂಗಡಿಯಲ್ಲೇ ಕೊಳ್ಳುತ್ತಾಳೆ. ನಾನು ಜೊತೆಗೆ ಹೋಗುತ್ತೇನೆ. ಅವನ ಗುರುತು ಪರಿಚಯ ನಮಗಿಲ್ಲ, ದೇವರ ದಯೆ. ಮೊದಲು ಬಿಲ್ ಕೇಳುತ್ತೇನೆ, ಆಮೇಲೆ ಪೆಟ್ಟಿಗೆ.

ನಿನ್ನ ಪೆಟ್ಟಿಗೆಯನ್ನು ಹೊರಗೆ ಹಾಕಿಲ್ಲ. ಹಳೆಯ ಸಾಮಾನಿನವನು ಗಾಜು ಬೇಡ ಅಂದ. ಸಂಜೆ ಸಣ್ಣಿ ಪಾಠಕ್ಕೆ ಹೋಗುವುದರಿಂದ ನನ್ನ ಭುಜ ತಟ್ಟಲು ಮನೆಯಲ್ಲಿ ಯಾರೂ ಇರುವುದಿಲ್ಲ. ಎರಡು ಸಲ ಪಾಳಿಗೆ ತಡವಾಗಿ ಸೂಪರ್‌ವೈಸರನ ಬಾಯಿಗೆ ಸಿಕ್ಕಿದೆ. ಆಮೇಲೆ ಉಪಾಯ ಹೊಳೆಯಿತು. ಅದನ್ನು ದೇವರ ಮೂಲೆಯ ಪಕ್ಕಕ್ಕೆ ಸರಿಸಿ, ಪ್ರಾರ್ಥನೆಗೆ ಕೂರುವ ಮುಂಚೆ ಸ್ವಿಚ್ ಹಾಕುತ್ತೇನೆ. ಮೊದಲು ಆಟ ಹಾಕಿದರೆ ಮಾತ್ರ ಆರುತ್ತಿತ್ತು, ಈಗ ಸುಮ್ಮನೆ ಹೊತ್ತಿಸಿಟ್ಟರೂ ಆರುತ್ತದೆ. ಕಣ್ಣು ಮುಚ್ಚಿದ್ದರೂ ರೆಪ್ಪೆಯ ಮೇಲೆ ಬಣ್ಣ ಆಡುವುದು ಗೊತ್ತಾಗುತ್ತದೆ. ಅದು ನಿಂತು ಕತ್ತಲಾದರೆ ಹೊತ್ತಾಯಿತು ಎಂದು ಲೆಕ್ಕ. ಒಳ್ಳೆಯದಕ್ಕೇ ಇಟ್ಟಿದ್ದು ಎಂದು ನೀನು ಬರೆದದ್ದು ಹೀಗೆ ನಿಜವಾಯಿತು.

ಹೆಸರುಗಳನ್ನು ಮೊದಲಿನ ಕ್ರಮದಲ್ಲೇ ಹೇಳುತ್ತೇನೆ. ಹೋದವರದು ಮೊದಲು, ಇರುವವರದು ಆಮೇಲೆ, ನಿನ್ನದು ಎಲ್ಲಕ್ಕಿಂತ ಕೊನೆಗೆ. ಪೆಟ್ಟಿಗೆಯ ಶಕ್ತಿ ಕುಂದುತ್ತಿದೆ, ದಿನದಿಂದ ದಿನಕ್ಕೆ ಬೇಗ ಆರುತ್ತದೆ. ಮಾವನ ಹೆಸರನ್ನು ಮುಂದಕ್ಕೆ ತಂದುಕೊಳ್ಳಬಹುದಲ್ಲಮ್ಮ ಎಂದು ಸಣ್ಣಿ ಕೇಳಿದಳು. ಅಮ್ಮ ಹಾಕಿಕೊಟ್ಟ ಕ್ರಮ, ನಾನು ಬದಲಿಸಲಾರೆ ಅಂದೆ.

ಈಗೀಗ ನಿನ್ನ ಹೆಸರಿಗೆ ಬರುವ ಮೊದಲೇ ಆರಿಹೋಗುತ್ತದೆ. ನಾನು ಎದ್ದು ಪಾಳಿಗೆ ಹೊರಡುತ್ತೇನೆ.

ಅಕ್ಕ